ಅಪ್ಪ, ಮಗ ಒಟ್ಟಿಗೆ ‘ನೈಟ್ಸ್ ಆಫ್ ಕೊಲಂಬಸ್’ ಸೇರಬಹುದಾ?

ಪ್ರಶ್ನೆ: ಫಾದರ್, ನಾವು ಶಿವಮೊಗ್ಗ ಕಡೆಯವರು. ನ್ಯೂಜೆರ್ಸಿಗೆ ಬಂದು 19 ವರ್ಷವಾಯಿತು. ನಮ್ಮ ಧರ್ಮಕೇಂದ್ರದಲ್ಲಿ ‘ನೈಟ್ಸ್ ಆಫ್ ಕೊಲಂಬಸ್’ ಅನ್ನೋ ಕಥೋಲಿಕ ಗಂಡಸರ ಸಂಘವಿದೆ. ಮಗನಿಗೆ ಮಾರ್ಚ್‌ನಲ್ಲಿ 18 ತುಂಬಿತು. ಸ್ವಲ್ಪ ದಿನಕ್ಕೆ ಪೂಜೆ ಮುಗಿದ ಮೇಲೆ ಸಂಘದವರೊಬ್ಬರು ಬಂದು ‘ಅಪ್ಪ ಮಗ ಇಬ್ಬರೂ ಒಟ್ಟಿಗೆ ಸೇರಿಬಿಡಿ’ ಅಂದರು. ನನಗೆ ತುಂಬಾ ಆಸೆ. ಆಗಸ್ಟ್ ಕೊನೆಗೆ ಅವನು ಯೂನಿವರ್ಸಿಟಿಗೆ ಹೊರಡುತ್ತಾನೆ. ಅಷ್ಟರೊಳಗೆ ಅವನಿಗೂ ನಮಗೂ, ಅವನಿಗೂ ಚರ್ಚಿಗೂ ಒಂದು ಗಂಟು ಹಾಕಿಬಿಡಬೇಕು ಅನ್ನಿಸುತ್ತದೆ. ಆದರೆ ಊರಿಂದ ಅಮ್ಮ ‘ಅದು ಫ್ರೀಮೇಸನ್ ಥರದ ಗುಪ್ತ ಸಂಘ, ಕತ್ತಿ ಹಿಡಿಸಿ ಪ್ರಮಾಣ ಮಾಡಿಸ್ತಾರಂತೆ’ ಅಂತ ಹೆದರಿದ್ದಾರೆ. ಹೆಂಡತಿ ‘ಇದು ಇನ್ಶೂರೆನ್ಸ್ ಮಾರೋ ದಾರಿ’ ಅಂತಾಳೆ. ಮಗ ‘ಕೊಲಂಬಸ್ ಹೆಸರಿಟ್ಟುಕೊಂಡ ಸಂಘಕ್ಕೆ ನಾನ್ಯಾಕೆ ಸೇರಲಿ?’ ಅಂತ ಕೇಳಿ ಸುಮ್ಮನಾದ. ಬೇಡ ಅಂತಲೂ ಹೇಳಿಲ್ಲ. 15 ವರ್ಷದ ಮಗಳು ‘ನನ್ನನ್ನ ಯಾಕೆ ಯಾರೂ ಕರೆಯಲ್ಲ?’ ಅಂದಳು. ಏನು ಮಾಡಲಿ?

ಉತ್ತರ: ನಿಮ್ಮ ಮನೆಯ ನಾಲ್ಕು ಜನ ನಾಲ್ಕು ಪ್ರಶ್ನೆ ಕೇಳಿದ್ದಾರೆ. ನಾಲ್ಕರಲ್ಲೂ ಹುರುಳಿದೆ. ಆದರೆ ನನಗೆ ಮತ್ತೆ ಮತ್ತೆ ಓದಬೇಕು ಅನ್ನಿಸಿದ್ದು ನೀವು ಬರೆದ ‘ಗಂಟು’ ಅನ್ನೋ ಮಾತು. ಅದಕ್ಕೆ ಕೊನೆಗೆ ಬರುತ್ತೇನೆ.

ಒಂದು ವಿಷಯ ಮೊದಲೇ ಹೇಳಬೇಕು. ಅಮೆರಿಕದ ಧರ್ಮಕೇಂದ್ರಗಳಲ್ಲಿ ಸೇವೆ ಮಾಡಿದ ವರ್ಷಗಳಲ್ಲಿ ನಾನು ಈ ಸಂಘದ ಎರಡು ಕೌನ್ಸಿಲ್‌ಗಳಿಗೆ ಚಾಪ್ಲಿನ್ ಆಗಿದ್ದೆ. ಕೌನ್ಸಿಲ್ ಅಂದರೆ ಸ್ಥಳೀಯ ಘಟಕ, ಚಾಪ್ಲಿನ್ ಅಂದರೆ ಅದಕ್ಕೆ ನೇಮಕವಾದ ಗುರು. ನಾನೂ ಸದಸ್ಯ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ನನ್ನ ಮಾತು ಓದಿ.

ಅಮ್ಮನಿಂದ ಶುರು ಮಾಡೋಣ. ಅವರ ಹೆದರಿಕೆಗೆ ಬೇರು ಇದೆ. ಫ್ರೀಮೇಸನ್ ಸಂಘ ಸೇರಬಾರದು ಅಂತ 1738ರಲ್ಲೇ ಪೋಪ್ 12ನೇ ಕ್ಲೆಮೆಂಟ್ ಕಥೋಲಿಕರಿಗೆ ಕಟ್ಟಪ್ಪಣೆ ಮಾಡಿದ್ದರು. 1983ರ ನವೆಂಬರ್‌ನಲ್ಲಿ ವ್ಯಾಟಿಕನ್ ಅದನ್ನೇ ಮತ್ತೆ ಸ್ಪಷ್ಟವಾಗಿ ಹೇಳಿತು. ನಮ್ಮ ಹಿರಿಯರು ಇದನ್ನು ಧರ್ಮೋಪದೇಶದ ತರಗತಿಯಲ್ಲಿ ಕೇಳಿ ಬೆಳೆದವರು. ಗುಪ್ತ ಸಭೆ, ಮೆಟ್ಟಿಲು ಮೆಟ್ಟಿಲಾಗಿ ದರ್ಜೆ, ಕತ್ತಿ, ಟೋಪಿ ಅಂತೆಲ್ಲ ಕಿವಿಗೆ ಬಿದ್ದರೆ ಅವರಿಗೆ ಇನ್ನೇನು ಅನ್ನಿಸೀತು?

ಆದರೆ ನಡೆದದ್ದು ಉಲ್ಟಾ. 1880ರ ದಶಕದ ಅಮೆರಿಕದಲ್ಲಿ ದುಡಿಯುವ ಗಂಡಸರಿಗೆ ಲಾಡ್ಜ್‌ಗಳೇ, ಅಂದರೆ ಇಂಥ ಸಂಘಗಳ ಸ್ಥಳೀಯ ಘಟಕಗಳೇ, ಆಸರೆ. ಕಾಯಿಲೆ ಬಿದ್ದರೆ, ಸತ್ತರೆ ಮನೆಯವರಿಗೆ ಅಷ್ಟಿಷ್ಟು ಹಣ ಅಲ್ಲಿಂದಲೇ ಸಿಗಬೇಕಿತ್ತು. ಐರಿಶ್ ಕಥೋಲಿಕರಿಗೆ ಕೆಲವು ಲಾಡ್ಜ್ ಬಾಗಿಲು ತೆರೆಯುತ್ತಿರಲಿಲ್ಲ. ಇನ್ನು ಕೆಲವಕ್ಕೆ ಚರ್ಚೇ ಬೇಡ ಅನ್ನುತ್ತಿತ್ತು. ಆಗ ಕನೆಕ್ಟಿಕಟ್ ರಾಜ್ಯದ ನ್ಯೂಹೇವನ್ ಊರಿನ ಸಂತ ಮೇರಿ ದೇವಾಲಯದ ಚಿಕ್ಕ ಗುರು, ಮೂವತ್ತೂ ತುಂಬದ ಮೈಕಲ್ ಮೆಕ್‌ಗಿವ್ನಿ, ‘ನಮ್ಮವರಿಗೆ ನಮ್ಮದೇ ಒಂದು ಸಂಘ ಬೇಕು’ ಅಂದರು. 1882ರ ಮಾರ್ಚ್ 29ರಂದು ಅದು ಕಾನೂನು ಪ್ರಕಾರ ನೋಂದಣಿಯಾಯಿತು. ಜನ ಫ್ರೀಮೇಸನ್ ಕಡೆ ಹೋಗದಿರಲಿ ಅಂತಲೇ ಕಟ್ಟಿದ ಸಂಘ ಅದು. ಅದೇ ಮೆಕ್‌ಗಿವ್ನಿಯವರನ್ನು 2020ರ ಅಕ್ಟೋಬರ್ 31ರಂದು ಚರ್ಚ್ ಸಂತಪದವಿಗೆ ಒಂದು ಮೆಟ್ಟಿಲು ಕೆಳಗಿನ ಸ್ಥಾನಕ್ಕೆ ಏರಿಸಿತು. ಅಮ್ಮನಿಗೆ ಫೋನಿನಲ್ಲಿ ಇದೊಂದನ್ನು ಹೇಳಿ. ಅವರಿಗೆ ಅರ್ಧ ಸಮಾಧಾನ ಆಗುತ್ತದೆ.

ಗುಟ್ಟಿನ ವಿಚಾರ ಪೂರ್ತಿ ಸುಳ್ಳಲ್ಲ. ಸೇರ್ಪಡೆಯ ವಿಧಿ ಮುಂಚೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತಿತ್ತು. ಆ ಕಾಲದ ಲಾಡ್ಜ್‌ಗಳ ರೂಢಿಯೇ ಹಾಗಿತ್ತು, ಇವರೂ ಅದನ್ನೇ ಹಿಡಿದರು. ಆದರೆ ಆಗಲೂ ಗುರುಗಳಿಂದಲೋ ಸರ್ಕಾರದಿಂದಲೋ ಏನನ್ನೂ ಮುಚ್ಚಿಡಬೇಕು ಅನ್ನೋ ಕಟ್ಟು ಇರಲಿಲ್ಲ. ಹೊರಗೆ ಕಾಯುತ್ತಿದ್ದ ಹೆಂಗಸರಿಗೆ ಮಾತ್ರ ಬೇಜಾರಾಗುತ್ತಿತ್ತು, ಅದು ನ್ಯಾಯವೇ. 2020ರ ಜನವರಿಯಿಂದ ಮೊದಲ ಮೂರು ದರ್ಜೆಗಳನ್ನು ಒಂದೇ ವಿಧಿಯಾಗಿ, ಮನೆಯವರ ಎದುರೇ ದೇವಾಲಯದಲ್ಲಿ ನಡೆಸಲು ಅವಕಾಶವಾಯಿತು. ಒಂದು ಗಂಟೆಯೂ ಹಿಡಿಯುವುದಿಲ್ಲ. ದಾನ, ಐಕ್ಯ, ಸೋದರಭಾವ ಅಂತ ಮೂರು ಪಾಠ. ಕೈಗೊಂದು ಜಪಸರ ಕೊಡುತ್ತಾರೆ. ಅಮ್ಮ ಅಲ್ಲಿಗೆ ಬಂದಿದ್ದರೆ ಮುಂದಿನ ಬೆಂಚಿನಲ್ಲೇ ಕೂತು ನೋಡಬಹುದಿತ್ತು.

ಕತ್ತಿ ಇರುವುದು ನಾಲ್ಕನೆಯ ದರ್ಜೆಯವರಿಗೆ. ಆ ದರ್ಜೆ ಶುರುವಾದದ್ದು 1900ರಲ್ಲಿ, ವಿಷಯ ದೇಶಪ್ರೇಮ. ಸೇರಲೇಬೇಕು ಅಂತಿಲ್ಲ. ಹಬ್ಬದ ಮೆರವಣಿಗೆಯಲ್ಲಿ, ಸದಸ್ಯರ ಶವಸಂಸ್ಕಾರದಲ್ಲಿ ಗೌರವಕ್ಕೆ ನಿಲ್ಲುವಾಗ ಹಿಡಿಯುವ ಕತ್ತಿ ಅದು. ಹಳೇ ಗರಿಟೋಪಿ, ಮೇಲಂಗಿ ಹೋಗಿ ಈಗ ‘ಬೆರೆ’ ಅನ್ನೋ ಚಪ್ಪಟೆ ಟೋಪಿ, ಬ್ಲೇಜರ್ ಬಂದಿದೆ.

‘ಪ್ರಮಾಣ ಮಾಡಿಸ್ತಾರೆ’ ಅನ್ನೋದಕ್ಕೆ ಬೇರೆಯೇ ಕಥೆಯಿದೆ. 1912ರ ಸುಮಾರಿಗೆ ಅಮೆರಿಕದಲ್ಲಿ ಒಂದು ಕರಪತ್ರ ಓಡಾಡಿತು. ಕೊಲಂಬಸ್ ನೈಟ್‌ಗಳು, ಅಂದರೆ ಈ ಸಂಘದ ಸದಸ್ಯರು, ಪ್ರೊಟೆಸ್ಟಂಟರನ್ನು ಕೊಲ್ಲುತ್ತೇವೆ ಅಂತ ಶಪಥ ಮಾಡುತ್ತಾರೆ ಅಂತ ಅದರಲ್ಲಿತ್ತು. ಪೂರಾ ಕಟ್ಟುಕಥೆ. ಒಂದು ಚುನಾವಣಾ ತಕರಾರಿನಲ್ಲಿ ‘ಇಂಥ ಸುಳ್ಳು ಹಬ್ಬಿಸಿದ್ದಾರೆ’ ಅನ್ನೋದಕ್ಕೆ ಪುರಾವೆಯಾಗಿ ಅದನ್ನು ಹಾಜರುಪಡಿಸಿದಾಗ, 1913ರಲ್ಲಿ ಅಮೆರಿಕದ ಕಾಂಗ್ರೆಸ್ ದಾಖಲೆಯಲ್ಲೂ ಅಚ್ಚಾಯಿತು. ಆಮೇಲೆ ಕಿಡಿಗೇಡಿಗಳು ‘ನೋಡಿ, ಸರ್ಕಾರಿ ದಾಖಲೆಯಲ್ಲೇ ಇದೆ’ ಅಂತ ತೋರಿಸುತ್ತಾ ಬಂದರು. 1928ರಲ್ಲಿ ಆಲ್ ಸ್ಮಿತ್, 1960ರಲ್ಲಿ ಜಾನ್ ಕೆನಡಿ ಅಧ್ಯಕ್ಷ ಸ್ಥಾನಕ್ಕೆ ನಿಂತಾಗಲೂ ಅದೇ ಹಾಳೆ ಹೊರಗೆ ಬಂತು. ಇಬ್ಬರೂ ಕಥೋಲಿಕರು. ಕೆನಡಿ ಈ ಸಂಘದ ಸದಸ್ಯರೂ ಹೌದು. ಹಳೇ ಸುಳ್ಳುಗಳಿಗೆ ಆಯಸ್ಸು ಜಾಸ್ತಿ. ಈಗ ಅದು ಫೋನಿನಿಂದ ಫೋನಿಗೆ ಹಾರಿ ನಿಮ್ಮ ಅಮ್ಮನವರೆಗೂ ಬಂದಿರಬಹುದು.

ಇನ್ನು ಇನ್ಶೂರೆನ್ಸ್. ನಿಮ್ಮ ಹೆಂಡತಿ ಹೇಳಿದ್ದು ಬಹಳ ಮಟ್ಟಿಗೆ ನಿಜ. ಆದರೆ ಅದು ಯಾಕೆ ಬಂತು ಅಂತ ಗೊತ್ತಾದರೆ ಬೇರೆ ಥರ ಕಾಣುತ್ತದೆ. ಮೆಕ್‌ಗಿವ್ನಿ ಸೆಮಿನರಿಯಲ್ಲಿದ್ದಾಗ, 1873ರಲ್ಲಿ, ಅವರ ಅಪ್ಪ ತೀರಿಕೊಂಡರು. ಹಿರಿಯ ಮಗ ಇವರೇ. ಓದು ಬಿಟ್ಟು ಮನೆಗೆ ಬರಬೇಕಾಯಿತು. ಮುಂದೆ ಗುರುವಾದ ಮೇಲೆ ನ್ಯೂಹೇವನ್‌ನಲ್ಲಿ ಡೌನ್ಸ್ ಅನ್ನೋ ಮನೆಯ ಯಜಮಾನ ಸತ್ತ. ಮಕ್ಕಳಿಗೆ ಪೋಷಕರು ಯಾರು, ಅವರ ಖರ್ಚಿಗೆ ಹೊಣೆ ಯಾರು ಅಂತ ಕೋರ್ಟ್ ಕೇಳಿತು. ಉತ್ತರ ಸಿಗದಿದ್ದರೆ ಮಗುವನ್ನು ತಾಯಿಯಿಂದ ಬಿಡಿಸುವ ಕಾಲ ಅದು. ಆಲ್ಫ್ರೆಡ್ ಅನ್ನೋ ಹದಿಹರೆಯದ ಹುಡುಗನಿಗೆ ಯಾರೂ ಸಿಗಲಿಲ್ಲ. 1882ರಲ್ಲಿ ಆ ಕೋರ್ಟಿನಲ್ಲಿ ‘ನಾನಿದ್ದೇನೆ’ ಅಂತ ನಿಂತವರು ಈ ಗುರು. ಅದಾಗಿ ಕೆಲವೇ ವಾರಕ್ಕೆ ಸಂಘ ನೋಂದಣಿಯಾಯಿತು. ಸದಸ್ಯ ಸತ್ತರೆ ಮನೆಗೆ 1,000 ಡಾಲರ್ ಅಂತ ನಿಯಮವಾಯಿತು. ಅಪ್ಪ ಇಲ್ಲದ ಮಕ್ಕಳನ್ನು ನೋಡಿ ಹುಟ್ಟಿದ ಸಂಘಕ್ಕೆ ಈಗ ನೀವು ಮಗನನ್ನು ಕರೆದುಕೊಂಡು ಹೋಗಬೇಕು ಅಂತಿದ್ದೀರಿ.

ಇವತ್ತು ಅದು 20 ಲಕ್ಷಕ್ಕೂ ಹೆಚ್ಚು ಸದಸ್ಯರ, ಸಾವಿರಾರು ಕೋಟಿ ಡಾಲರ್ ವಿಮೆಯ ದೊಡ್ಡ ವ್ಯವಹಾರ. ಸದಸ್ಯರಿಗೂ ಅವರ ಮನೆಯವರಿಗೂ ಮಾತ್ರ ಪಾಲಿಸಿ ಮಾರುತ್ತಾರೆ. ಸೇರಿದ ಸ್ವಲ್ಪ ದಿನಕ್ಕೆ ಏಜೆಂಟರ ಫೋನ್ ಬರುತ್ತದೆ ಅಂತಲೇ ಇಟ್ಟುಕೊಳ್ಳಿ. ತೆಗೆದುಕೊಳ್ಳಲೇಬೇಕು ಅಂತ ಕಡ್ಡಾಯ ಇಲ್ಲ. ತೆಗೆದುಕೊಳ್ಳದವರನ್ನು ಕೀಳಾಗಿ ನೋಡಿದ್ದನ್ನು ನಾನು ಕಂಡಿಲ್ಲ. ನಾನು ಯಾವಾಗಲೂ ಹೇಳುವುದು ಇಷ್ಟೇ. ಸಂಘ ಸೇರುವುದು ಒಂದು ತೀರ್ಮಾನ, ವಿಮೆ ಇನ್ನೊಂದು ತೀರ್ಮಾನ. ಎರಡರ ನಡುವೆ ಆರು ತಿಂಗಳಾದರೂ ಬಿಡಿ. ನಿಮ್ಮ ದುಡಿಮೆ ನಂಬಿ ಮೂರು ಜನ ಇದ್ದಾರೆ, ನಿಮಗೆ ವಿಮೆ ಬೇಕು. ಆದರೆ ಬೇರೆ ಎರಡು ಕಡೆ ದರ ಕೇಳಿ ಆಮೇಲೆ ತೆಗೆದುಕೊಳ್ಳಿ. ನಿಮ್ಮ ಮಗನನ್ನು ನಂಬಿ ಸದ್ಯ ಯಾರೂ ಇಲ್ಲ. ಕೋರ್ಸ್ ಮುಗಿದು ಕೆಲಸ ಸಿಗೋವರೆಗೆ ಅವನ ಹೆಸರಿನಲ್ಲಿ ಜೀವನಪೂರ್ತಿ ಕಂತು ಕಟ್ಟುವ ಪಾಲಿಸಿಗೆ ಕೈ ಹಾಕುವ ಅವಸರ ಇಲ್ಲ. ಸದಸ್ಯತ್ವದ ವರ್ಷದ ಚಂದಾ ಬೇರೆ. ಅದು ಕೌನ್ಸಿಲಿಂದ ಕೌನ್ಸಿಲಿಗೆ ಬದಲಾಗುತ್ತದೆ, ಮನೆ ಮುರಿಯುವ ಮೊತ್ತವೇನಲ್ಲ.

ನಿಮ್ಮ ಮಗನ ಪ್ರಶ್ನೆಯನ್ನು ‘ಸುಮ್ನೆ ವಾದ’ ಅಂತ ಪಕ್ಕಕ್ಕೆ ಸರಿಸಬೇಡಿ. ಅಮೆರಿಕದ ಶಾಲೆಯಲ್ಲಿ ಓದಿದ ಹುಡುಗ ಅವನು. ಕೊಲಂಬಸ್ ಕಾಲಿಟ್ಟ ಮೇಲೆ ಅಲ್ಲಿನ ಮೂಲ ಜನರಿಗೆ ಏನಾಯಿತು ಅಂತ ಅವನಿಗೆ ಗೊತ್ತಿದೆ. 1882ರಲ್ಲಿ ಆ ಹೆಸರಿಗೆ ಬೇರೆ ಅರ್ಥವಿತ್ತು. ‘ಕಥೋಲಿಕರು ಹೊರಗಿನವರು, ಈ ದೇಶಕ್ಕೆ ನಿಷ್ಠರಲ್ಲ’ ಅನ್ನುತ್ತಿದ್ದವರಿಗೆ ‘ಈ ನೆಲ ಕಂಡ ಕೊಲಂಬಸ್ಸೇ ಕಥೋಲಿಕ’ ಅಂತ ವಲಸೆ ಬಂದ ಬಡವರು ಕೊಟ್ಟ ಉತ್ತರ ಅದು. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಬೇಡಿ. ಅವನಿಗೆ ಆ ಹೆಸರು ಕೊನೆಗೂ ಒಗ್ಗದಿದ್ದರೆ ಅದು ಗೌರವ ಕೊಡಬೇಕಾದ ಕಾರಣವೇ.

ಅವನಿಗೆ ಗೊತ್ತಿರಬೇಕಾದ ವಿಷಯ ಇನ್ನೂ ಇದೆ. ಬೇರೆಯವರ ಬಾಯಿಂದ ಆಮೇಲೆ ಕೇಳುವುದಕ್ಕಿಂತ ನಿಮ್ಮಿಂದ ಮೊದಲೇ ಕೇಳಲಿ. ಈ ಸಂಘ ಗರ್ಭಪಾತದ ವಿರುದ್ಧ ಬಹಿರಂಗವಾಗಿ ನಿಂತಿದೆ. 2009ರಿಂದ ಗರ್ಭಿಣಿಯರ ಕೇಂದ್ರಗಳಿಗೆ ಅಲ್ಟ್ರಾಸೌಂಡ್ ಯಂತ್ರ ಕೊಡಿಸುತ್ತಾ ಬಂದಿದೆ. 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಲಿಂಗ ವಿವಾಹದ ವಿರುದ್ಧದ ಮತದಾನಕ್ಕೆ 10 ಲಕ್ಷ ಡಾಲರಿಗೂ ಜಾಸ್ತಿ ಖರ್ಚು ಮಾಡಿತು. ಕೌನ್ಸಿಲ್ ಸಭೆಯಲ್ಲಿ ಪಕ್ಷದ ರಾಜಕೀಯ ಮಾತಾಡುವ ಹಾಗಿಲ್ಲ. ಆದರೆ ಚರ್ಚಿನ ಬೋಧನೆಗೆ ಇವರು ಬದ್ಧರು, ಅದರಲ್ಲಿ ಮುಚ್ಚುಮರೆ ಇಲ್ಲ. ಚಂದಾದ ಒಂದು ಪಾಲು ಮೇಲಿನ ಸಂಸ್ಥೆಗೆ ಹೋಗುತ್ತದೆ. ಇದನ್ನೆಲ್ಲ ತಿಳಿದು ಸಹಿ ಹಾಕಿದವನು ಉಳಿಯುತ್ತಾನೆ. ಗೊತ್ತಿಲ್ಲದೆ ಹಾಕಿದವನಿಗೆ ಮೊದಲ ವರ್ಷವೇ ಹಾಸ್ಟೆಲಿನಲ್ಲಿ ಯಾರಾದರೂ ಕೇಳಿದಾಗ ಮುಖ ಸಣ್ಣದಾಗುತ್ತದೆ.

ಬಣ್ಣದ ಮಾತನ್ನೂ ಬಿಡುವುದಿಲ್ಲ, ನಾವೂ ಕಂದು ಬಣ್ಣದವರೇ ಅಲ್ವಾ. ಒಂದು ಕಾಲಕ್ಕೆ ಕಪ್ಪು ಕಥೋಲಿಕರಿಗೆ ಬಹುತೇಕ ಕೌನ್ಸಿಲ್‌ಗಳ ಬಾಗಿಲು ಮುಚ್ಚಿತ್ತು. ಅದಕ್ಕೇ 1909ರಲ್ಲಿ ಅಲಬಾಮದ ಮೊಬೈಲ್ ಊರಿನಲ್ಲಿ ‘ನೈಟ್ಸ್ ಆಫ್ ಪೀಟರ್ ಕ್ಲೇವರ್’ ಅನ್ನೋ ಬೇರೆ ಸಂಘ ಹುಟ್ಟಿತು. ನೈಟ್ಸ್ ಆಫ್ ಕೊಲಂಬಸ್‌ನಲ್ಲಿ ಆ ಬೀಗ ಸಡಿಲವಾದದ್ದು 1960ರ ದಶಕದಲ್ಲಿ. ಈಗ ಫಿಲಿಪ್ಪೀನ್ಸ್‌ನಲ್ಲೇ ಲಕ್ಷಾಂತರ ಸದಸ್ಯರಿದ್ದಾರೆ. ನನ್ನ ಎರಡನೇ ಕೌನ್ಸಿಲ್‌ನಲ್ಲಿ ಮುಖ್ಯಸ್ಥರಾಗಿದ್ದವರು ಫಿಲಿಪಿನೋ ನರ್ಸ್ ಒಬ್ಬರು.

ಈಗ ಅಪ್ಪ ಮಗನ ವಿಷಯ.

ಇಬ್ಬರೂ ಒಟ್ಟಿಗೆ ಸೇರಲು ಯಾವ ಅಡ್ಡಿಯೂ ಇಲ್ಲ. 18 ತುಂಬಿದ, ಚರ್ಚಿನ ಜೊತೆ ನಡೆಯುವ ಕಥೋಲಿಕ ಗಂಡಸಾಗಿರಬೇಕು, ಅಷ್ಟೇ. ಆದರೆ ‘ಒಟ್ಟಿಗೆ’ ಅನ್ನೋ ಸದಸ್ಯತ್ವ ಅಂತ ಒಂದಿಲ್ಲ. ಎರಡು ಅರ್ಜಿ, ಎರಡು ಸಹಿ. ಕೌನ್ಸಿಲ್ ಒಳಗೆ ಕಾಲಿಟ್ಟ ಮೇಲೆ ನೀವು ಅವನಿಗೆ ಬ್ರದರ್, ಅವನು ನಿಮಗೆ ಬ್ರದರ್. ವೋಟು ತಲೆಗೊಂದು. ನೀವು ಸರಿ ಅಂದದ್ದಕ್ಕೆ ಅವನು ಬೇಡ ಅಂತ ಕೈ ಎತ್ತಬಹುದು, ಎಲ್ಲರ ಎದುರು. ನಮ್ಮ ಮನೆಗಳಲ್ಲಿ ಬೆಳೆದ ಗಂಡಸಿಗೆ ಇದು ಸಣ್ಣ ಮಾತಲ್ಲ.

ಇದರಿಂದ ಆಗುವ ಒಳ್ಳೆಯದನ್ನೂ ನೋಡಿದ್ದೇನೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಲ್ಲಿ ಅಲ್ಲಿನ ಧರ್ಮಕೇಂದ್ರದ ಹಾಲ್‌ಗಳಲ್ಲಿ ನೈಟ್ಸ್ ಮೀನು ಕರಿದು ಊಟ ಹಾಕುತ್ತಾರೆ. ನಿಮಗೂ ಗೊತ್ತಿರುತ್ತದೆ. ಒಂದು ಸಲ ಅಡುಗೆಮನೆಯಲ್ಲಿ ಕರಾವಳಿ ಕಡೆಯ ಅಪ್ಪ ಮಗ ಇದ್ದರು. ಗುರುತು ಸಿಗದ ಹಾಗೆ ಹೇಳುತ್ತೇನೆ. ಮನೆಯಲ್ಲಿ ಅವರಿಬ್ಬರ ಮಾತು ‘ಊಟ ಆಯ್ತಾ’, ‘ಹ್ಞೂಂ’ ಇಷ್ಟರಲ್ಲೇ ಮುಗಿಯುತ್ತಿತ್ತು ಅಂತ ತಾಯಿ ನನಗೆ ಹೇಳಿದ್ದರು. ಮಗ ತಟ್ಟೆಯಲ್ಲಿ ಮೀನಿನ ತುಂಡು ಹಿಟ್ಟಿನಲ್ಲಿ ಹೊರಳಿಸುತ್ತಿದ್ದ. ಅಪ್ಪ ಎಣ್ಣೆ ಹತ್ತಿರ. ಹೊರಗೆ ಸಾಲು ಬೆಳೆದಿತ್ತು. ಹುಡುಗ ತಿರುಗಿ ನೋಡದೆ ‘ಬ್ರದರ್, ಇನ್ನೂ ಆರು ಪ್ಲೇಟ್’ ಅಂದ. ಅಪ್ಪ ಜಾಲರಿ ಹಿಡಿದ ಕೈಯನ್ನು ಒಂದು ಕ್ಷಣ ಹಾಗೇ ನಿಲ್ಲಿಸಿದರು. ಆಮೇಲೆ ಆರು ತುಂಡು ಬಿಟ್ಟರು.

ರಾತ್ರಿ ಎಲ್ಲ ಹೋದ ಮೇಲೆ ಮೂವರೇ ಟ್ರೇ ತೊಳೆಯುತ್ತಿದ್ದೆವು. ಆ ಅಪ್ಪ ತನ್ನ ಅಪ್ಪನ ಬಗ್ಗೆ ಶುರು ಮಾಡಿದರು. ಅವರು ತೀರಿಕೊಂಡಾಗ ತಾನು ಗಲ್ಫಿನಲ್ಲಿದ್ದದ್ದು, ರಜೆ ಸಿಗದೆ ಮಣ್ಣಿಗೆ ಬರಲಾಗದ್ದು. ಹುಡುಗನಿಗೆ ಅದು ಗೊತ್ತೇ ಇರಲಿಲ್ಲ. ನಲ್ಲಿ ನಿಲ್ಲಿಸಿ ‘ನೀವ್ಯಾಕೆ ಯಾವತ್ತೂ ಹೇಳ್ಲಿಲ್ಲ?’ ಅಂದ. ಎದುರು ಬದುರು ಕೂರಿಸಿ ‘ಮಾತಾಡಿ’ ಅಂದಿದ್ದರೆ ಇಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಕೈಗೆ ಒಂದೇ ಕೆಲಸ ಇತ್ತು, ಕಣ್ಣು ಕಣ್ಣು ನೋಡಬೇಕಾಗಿರಲಿಲ್ಲ, ಅದಕ್ಕೇ ಬಂತು.

ಇನ್ನೊಂದು ಮನೆಯಲ್ಲಿ ಅಪ್ಪನೇ ಆನ್‌ಲೈನ್ ಅರ್ಜಿಯಲ್ಲಿ ಮಗನ ವಿವರ ತುಂಬಿದರು. ಹುಡುಗ ಅಪ್ಪನ ಮಾತು ಮೀರಲಾರದೆ ವಿಧಿಗೆ ಬಂದ, ಫೋಟೋಗೆ ನಿಂತ. ಸಭೆಗೆ ಒಂದು ದಿನವೂ ಬರಲಿಲ್ಲ. ಆಮೇಲೆ ಭಾನುವಾರದ ಪೂಜೆಯೂ ತಪ್ಪಿತು. ‘ಬ್ರದರ್, ಯಾಕೆ ಕಾಣಲ್ಲ?’ ಅಂತ ಬಾಗಿಲಲ್ಲಿ ನಾಲ್ಕು ಜನ ಕೇಳುತ್ತಾರಲ್ಲ, ಆ ಮುಜುಗರ. ಅವನನ್ನು ಚರ್ಚಿನಲ್ಲಿ ಇಟ್ಟುಕೊಳ್ಳಲು ಹಾಕಿದ ಗಂಟು ಅವನನ್ನು ಚರ್ಚಿನ ಮೆಟ್ಟಿಲಿಂದಲೇ ವಾಪಸ್ ಕಳಿಸಿತು.

ಅದಕ್ಕೇ ನಿಮ್ಮ ಆ ಮಾತು ನನ್ನನ್ನು ಹಿಡಿದದ್ದು. ಮಗ ಮನೆ ಬಿಡುತ್ತಾನೆ ಅನ್ನೋ ಸಂಕಟ ಅದು, ನನಗೆ ಅರ್ಥವಾಗುತ್ತದೆ. ಊರು ಬಿಟ್ಟು ಬಂದ ಅಪ್ಪಂದಿರಿಗೆ ಅದು ಇನ್ನೂ ಜಾಸ್ತಿ, ತಾವು ಹೊರಟ ದಿನ ತಮ್ಮ ಅಪ್ಪನ ಮುಖ ನೆನಪಿರುತ್ತದೆ. ಆದರೆ ಆ ಸಂಕಟವನ್ನು ಒಂದು ಅರ್ಜಿಯ ಮೇಲೆ ಹೊರಿಸಿದರೆ ಅರ್ಜಿ ತಡೆಯುವುದಿಲ್ಲ.

ಹಾಗಾದರೆ ಏನು ಮಾಡಬಹುದು? ಆಗಸ್ಟಿಗೆ ಮುಂಚೆ ಇಬ್ಬರೂ ಸೇರಬಹುದು. ಮಗ ತಾನಾಗಿ ‘ಸರಿ’ ಅಂದರೆ ಮಾತ್ರ. ಅವನು ಹೋಗುವ ಯೂನಿವರ್ಸಿಟಿಯಲ್ಲಿ ಕಾಲೇಜು ಕೌನ್ಸಿಲ್ ಇದೆಯಾ ನೋಡಿ. ನೋಟರ್ ಡೇಮ್ ಯೂನಿವರ್ಸಿಟಿಯಲ್ಲಿ 1910ರಿಂದಲೇ ಇದೆ, ಬೇರೆ ಎಷ್ಟೋ ಕ್ಯಾಂಪಸ್‌ಗಳಲ್ಲೂ ಇವೆ. ಇದ್ದರೆ ಸದಸ್ಯತ್ವ ಅಲ್ಲಿಗೆ ವರ್ಗಾಯಿಸಿಕೊಂಡು ಅವನಿಗೆ ಹೊಸ ಊರಿನಲ್ಲಿ ನಾಲ್ಕು ಸ್ನೇಹಿತರಾಗುತ್ತಾರೆ. ಇಲ್ಲದಿದ್ದರೆ ಎರಡು ತಿಂಗಳ ಹೆಸರಿಗಷ್ಟೇ ಸದಸ್ಯ.

ನಾನು ನಿಮ್ಮ ಜಾಗದಲ್ಲಿದ್ದರೆ ಬೇರೆ ದಾರಿ ಹಿಡಿಯುತ್ತಿದ್ದೆ. ಈ ಬೇಸಿಗೆಯಲ್ಲಿ ಸದಸ್ಯರಾಗದೆಯೇ ಇಬ್ಬರೂ ಅವರ ಜೊತೆ ಒಂದೆರಡು ಕೆಲಸ ಮಾಡಿ. ರಕ್ತದಾನ ಶಿಬಿರಕ್ಕೆ ಕುರ್ಚಿ ಹಾಕುವುದು, ಧರ್ಮಕೇಂದ್ರದ ಪಿಕ್‌ನಿಕ್‌ನಲ್ಲಿ ಅಡುಗೆ, ಚಳಿಗಾಲಕ್ಕೆ ಮಕ್ಕಳ ಕೋಟು ಜೋಡಿಸುವುದು. ಕೈ ಸೇರಿಸುವವರಿಗೆ ಯಾರೂ ಕಾರ್ಡ್ ಕೇಳುವುದಿಲ್ಲ. ಆ ಕೌನ್ಸಿಲ್ ಎಂಥದ್ದು ಅಂತಲೂ ಗೊತ್ತಾಗುತ್ತದೆ. ಒಂದಕ್ಕಿಂತ ಒಂದು ಬೇರೆ ಇರುತ್ತವೆ. ಕೆಲವು ಕಡೆ ಎಪ್ಪತ್ತು ದಾಟಿದವರೇ ತುಂಬಿರುತ್ತಾರೆ, ಹುಡುಗನಿಗೆ ಮಾತಾಡಲು ಜೊತೆ ಇರುವುದಿಲ್ಲ. ಕಳೆದ ವರ್ಷ ಎಷ್ಟು ಹಣ ಸೇರಿತು, ಎಲ್ಲಿಗೆ ಕೊಟ್ಟಿರಿ ಅಂತ ಕೇಳಿ. ಒಳ್ಳೆ ಕೌನ್ಸಿಲ್ ಲೆಕ್ಕ ತೋರಿಸುತ್ತದೆ.

ಮನಸ್ಸಿಗೆ ಬಂದರೆ ಮೊದಲು ನೀವೊಬ್ಬರೇ ಸೇರಿ. ವಿಧಿ ತೆರೆದದ್ದೇ ಆದ್ದರಿಂದ ಮಗನನ್ನು ನೋಡಲು ಕರೆಯಿರಿ. ‘ನಿನಗೂ ಬೇಕು ಅನ್ನಿಸಿದರೆ ಯಾವತ್ತಾದರೂ ಹೇಳು’ ಅನ್ನಿ, ಮತ್ತೆ ಕೇಳಬೇಡಿ. ಅವನು ಒಂದು ವರ್ಷಕ್ಕೋ ಹತ್ತು ವರ್ಷಕ್ಕೋ ಬರಬಹುದು, ಬರದೆಯೂ ಇರಬಹುದು. ಮೂವತ್ತು ದಾಟಿದ ಮೇಲೆ ಅಪ್ಪನ ಪಕ್ಕ ಬಂದು ನಿಂತವರನ್ನು ನೋಡಿದ್ದೇನೆ. ಮುಂದೆ ನೀವು ಶಿವಮೊಗ್ಗಕ್ಕೆ ವಾಪಸ್ ಬಂದರೆ ಅಲ್ಲಿ ಈ ಸಂಘದ ಕೌನ್ಸಿಲ್ ಇಲ್ಲ, ಅದೂ ಲೆಕ್ಕದಲ್ಲಿರಲಿ.

ಕೊನೆಗೆ ಮಗಳು. ಅವಳ ಪ್ರಶ್ನೆಯನ್ನು ನೀವು ಒಂದೇ ಸಾಲಿನಲ್ಲಿ ಬರೆದಿದ್ದೀರಿ. ಈ ಸಂಘ ಗಂಡಸರದ್ದು, ಅವಳನ್ನು ಸೇರಿಸಿಕೊಳ್ಳುವುದಿಲ್ಲ. ಹುಡುಗರಿಗೆ 10ರಿಂದ 18ರವರೆಗೆ ‘ಕೊಲಂಬಿಯನ್ ಸ್ಕ್ವೈರ್ಸ್’ ಅಂತ 1925ರಲ್ಲಿ ಶುರುವಾಗಿತ್ತು. ಹೆಂಗಸರಿಗೆ 1903ರಲ್ಲಿ ನ್ಯೂಯಾರ್ಕ್ ರಾಜ್ಯದ ಯೂಟಿಕಾದಲ್ಲಿ ಹುಟ್ಟಿದ ‘ಕ್ಯಾಥೊಲಿಕ್ ಡಾಟರ್ಸ್ ಆಫ್ ದಿ ಅಮೆರಿಕಾಸ್’ ಇದೆ, ಹುಡುಗಿಯರಿಗೂ ಅದರಲ್ಲಿ ಕಿರಿಯರ ವಿಭಾಗವಿದೆ. ತಾಯಿ ಮಗಳು ಒಟ್ಟಿಗೆ ಹೋಗಬಹುದು. ಆದರೆ ಅವಳು ಕೇಳಿದ್ದು ನಿಮ್ಮ ಹತ್ತಿರ.

ನಿಮ್ಮ ಅಮ್ಮನಿಗೂ ಪರಿಚಯ ಇರುವ ಒಂದು ಸಭೆ ಇದೆ, ಸಂತ ವಿನ್ಸೆಂಟ್ ದೆ ಪೌಲ್ ಸಭೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡೆರಿಕ್ ಓಜನಾಮ್ ಅನ್ನೋ 20 ವರ್ಷದ ವಿದ್ಯಾರ್ಥಿ ಗೆಳೆಯರ ಜೊತೆ ಶುರು ಮಾಡಿದ್ದು. ನಮ್ಮ ಕರ್ನಾಟಕದ ಧರ್ಮಕೇಂದ್ರಗಳಲ್ಲೂ ಇದೆ, ನ್ಯೂಜೆರ್ಸಿಯಲ್ಲೂ ಇದೆ. ಗಂಡು ಹೆಣ್ಣು ಭೇದವಿಲ್ಲ. ಬಡವರ ಮನೆಗೆ ಹೋಗಿ ಕೂತು, ಕಷ್ಟ ಕೇಳಿ ಬರುವುದು ಅವರ ಮುಖ್ಯ ಕೆಲಸ. 15ರ ಹುಡುಗಿಯನ್ನು ಮನೆಭೇಟಿಗೆ ಕೆಲವು ಕಡೆ ಕಳಿಸುವುದಿಲ್ಲ, ಅದು ಸರಿಯೇ. ಆದರೆ ದಿನಸಿ ಹಂಚುವ ಕೋಣೆಯಲ್ಲಿ ಬೇಳೆ, ಅಕ್ಕಿ, ಡಬ್ಬಿ ಜೋಡಿಸಲು ಕೈ ಯಾವಾಗಲೂ ಕಡಿಮೆ. ಒಂದು ಶನಿವಾರ ಅವಳನ್ನು ಕರೆದುಕೊಂಡು ಹೋಗಿ. ದೊಡ್ಡವಳಾದ ಮೇಲೆ ಮನೆಭೇಟಿಗೂ ಹೊರಡಬಹುದು. ಅವರು ಒಬ್ಬೊಬ್ಬರೇ ಹೋಗುವುದಿಲ್ಲ, ಇಬ್ಬಿಬ್ಬರಾಗಿಯೇ ಹೋಗುತ್ತಾರೆ.